ಮುಂಚಕ್ರ ಚಾಲನೆ, ಹಿಂಚಕ್ರ ಚಾಲನೆ: ತಯಾರಿಕೆಯ ವೆಚ್ಚ ಮತ್ತು ಇಂಧನ ನಿಯಮಗಳ ಚರಿತ್ರೆ

ಮೋಟಾರುಕಾರಿನ ಎಂಜಿನ್ನಿನಲ್ಲಿ ಉತ್ಪನ್ನವಾದ ಶಕ್ತಿಯನ್ನು ಮುಂದಿನ ಎರಡು ಚಕ್ರಗಳಿಗೆ ಒದಗಿಸಿ ಕಾರನ್ನು ಅವುಗಳಿಂದ ಎಳೆಯಿಸುವ ಏರ್ಪಾಡಿಗೆ ಮುಂಚಕ್ರ ಚಾಲನೆಯೆಂದೂ, ಅದೇ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಸಾಗಿಸಿ ಕಾರನ್ನು ಹಿಂದಿನಿಂದ ನೂಕಿಸುವ ಏರ್ಪಾಡಿಗೆ ಹಿಂಚಕ್ರ ಚಾಲನೆಯೆಂದೂ ಹೆಸರು. ಎತ್ತು ಗಾಡಿಯನ್ನು ಎಳೆಯುತ್ತದೆ, ನೂಕುವುದಿಲ್ಲ ಎಂಬ ಲೋಕಾನುಭವಕ್ಕೆ ಮೊದಲನೆಯದೇ ಸಮೀಪವಾದರೂ, ಮೋಟಾರು ಯುಗದ ಆರಂಭದ ಎಂಟು ದಶಕಗಳಲ್ಲಿ ಜಗತ್ತಿನ ಬಹುಪಾಲು ಕಾರುಗಳು ಹಿಂದಿನಿಂದಲೇ ನೂಕಿಸಿಕೊಂಡು ನಡೆದವು. ಅನಂತರದ ಇಪ್ಪತ್ತು ವರ್ಷಗಳೊಳಗೆ ಈ ಕ್ರಮವು ತಲೆಕೆಳಗಾಯಿತು. ಈ ಪಲ್ಲಟವನ್ನು ನಡೆಸಿದ್ದು ಕಾರ್ಖಾನೆಯ ಲೆಕ್ಕದ ಪುಸ್ತಕವೂ ಸರ್ಕಾರಗಳ ಇಂಧನ ನಿಯಮವೂ ಕೂಡಿ. ಕಾರು ಓಡಬೇಕಾದ ರಸ್ತೆಯ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಆ ರಸ್ತೆಯ ಅಭಿಪ್ರಾಯವೇನೆಂದು ತಿಳಿಯಬಯಸುವವರಿಗೆ ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳು ಉತ್ತಮ ನಿದರ್ಶನಗಳು: ನೇತ್ರಾವತಿಯ ದಡದ ಸಮತಲ, ಮುರಕಲ್ಲಿನ ಗುಡ್ಡಗಳ ಮೇಲಿನ ತೋಟದ ದಾರಿ, ಚಾರ್ಮಾಡಿಯ ಘಾಟಿ ಇವೆಲ್ಲವೂ ಒಂದೇ ದಿನದ ಪ್ರಯಾಣದಲ್ಲಿ ದೊರೆಯುವ ನಾಡು ಅದು.

ಹಿಂಚಕ್ರ ಚಾಲನೆಯ ಕಾರಿನಲ್ಲಿ ಎಂಜಿನ್ನು ಮುಂಭಾಗದಲ್ಲಿ ಉದ್ದುದ್ದವಾಗಿ ಕುಳಿತಿರುತ್ತದೆ. ಅದರ ಬೆನ್ನಿಗೆ ಗೇರುಪೆಟ್ಟಿಗೆ, ಅಲ್ಲಿಂದ ಕಾರಿನ ಹೊಟ್ಟೆಯಡಿಯಲ್ಲಿ ಹಾಯುವ ಪ್ರೊಪೆಲ್ಲರ್ ಶಾಫ್ಟು, ಅದರ ತುದಿಗಳಲ್ಲಿ ಗ್ಯಾರೇಜಿನವರು ಕ್ರಾಸ್ ಎಂದು ಕರೆಯುವ ಕೀಲುಗಳು, ಕೊನೆಗೆ ಶಕ್ತಿಯನ್ನು ಸಮಕೋನದಲ್ಲಿ ತಿರುಗಿಸುವ ಕ್ರೌನ್ ಮತ್ತು ಪಿನಿಯನ್ ದಂತಚಕ್ರಗಳನ್ನು ಒಡಲೊಳಗಿಟ್ಟುಕೊಂಡ ಭಾರವಾದ ಹೌಸಿಂಗು: ಇಷ್ಟು ಅಂಗಗಳನ್ನು ಬೇರೆ ಬೇರೆಯಾಗಿ ಎರಕ ಹೊಯ್ದು, ಕಡೆದು, ತೂಗಿ ಸಮತೋಲಗೊಳಿಸಿ, ಜೋಡಿಸಬೇಕಾಗುತ್ತದೆ. ಶಾಫ್ಟಿಗೆ ಎಡೆಮಾಡಿಕೊಡುವುದಕ್ಕಾಗಿ ಕಾರಿನ ತಳದಲ್ಲಿ ಒಂದು ದಿಬ್ಬವನ್ನು ಒತ್ತಿ ಎಬ್ಬಿಸುವುದರಿಂದ ಹಿಂದಿನ ಸೀಟಿನ ನಡುವೆ ಕುಳಿತವನ ಕಾಲಿಗೆ ನೆಲೆಯಿಲ್ಲದಾಗುತ್ತದೆ. ಲೋಹ ಹೆಚ್ಚು, ಭಾರ ಹೆಚ್ಚು, ಜಾಗ ಕಡಮೆ. ಆದರೆ ಈ ಅಂಗಗಳಲ್ಲಿ ಯಾವುದೂ ಅತಿಸೂಕ್ಷ್ಮವಾದುದಲ್ಲ. ಸಾಧಾರಣ ಕಾರ್ಖಾನೆಯಲ್ಲಿ ತಯಾರಾಗಿ ಸಾಧಾರಣ ಗ್ಯಾರೇಜಿನಲ್ಲಿ ದುರಸ್ತಿಯಾಗಬಲ್ಲವು ಎಂಬುದೇ ಅವುಗಳ ದೊಡ್ಡ ಗುಣ.

ಮುಂಚಕ್ರ ಚಾಲನೆಯಲ್ಲಿ ಶಾಫ್ಟೂ ಇಲ್ಲ, ಹಿಂದಿನ ಹೌಸಿಂಗೂ ಇಲ್ಲ. ಆದರೆ ಶಕ್ತಿಯನ್ನು ಪಡೆಯುವ ಚಕ್ರವೇ ಎಡಕ್ಕೂ ಬಲಕ್ಕೂ ತಿರುಗಬೇಕಾದುದರಿಂದ, ಎಷ್ಟೇ ಓರೆಯಾದರೂ ಒಂದೇ ವೇಗದಲ್ಲಿ ತಿರುಗುವ ವಿಶಿಷ್ಟ ಕೀಲು ಬೇಕಾಗುತ್ತದೆ. ಉಕ್ಕಿನ ಗುಂಡುಗಳು ತೋಡುಗಳೊಳಗೆ ಸರಿಯುವ ಈ ಕೀಲನ್ನು 1920ರ ದಶಕದಲ್ಲಿ ಆಲ್ಫ್ರೆಡ್ ಜೆಪ್ಪಾ ರೂಪಿಸಿದನಾದರೂ, ಅದನ್ನು ಅಗ್ಗವಾಗಿ ಲಕ್ಷಗಟ್ಟಲೆ ತಯಾರಿಸುವ ಯಂತ್ರಗಳು ಸಿದ್ಧವಾಗುವುದಕ್ಕೆ ದಶಕಗಳೇ ಹಿಡಿದವು. ಅದಕ್ಕೆ ಮುನ್ನವೇ ಆತುರಪಟ್ಟವರಲ್ಲಿ ಫ್ರಾನ್ಸಿನ ಸಿತ್ರೋಯೆನ್ ಕಂಪೆನಿ ಅಗ್ರಗಣ್ಯವಾದುದು. 1934ರಲ್ಲಿ ಅದು ಹೊರತಂದ ಟ್ರಾಕ್ಸಿಯೋಂ ಅವಾಂ ಎಂಬ ಕಾರು ವಿನ್ಯಾಸದಲ್ಲಿ ಯುಗಪ್ರವರ್ತಕವೇ ಆದರೂ, ಅದಕ್ಕಾಗಿ ಕಾರ್ಖಾನೆಯನ್ನೇ ಹೊಸದಾಗಿ ಕಟ್ಟಿಕೊಂಡ ವೆಚ್ಚದ ಹೊರೆಯಲ್ಲಿ ಕಂಪೆನಿ ಅದೇ ವರ್ಷ ದಿವಾಳಿಯಾಗಿ, ಸಾಲಕೊಟ್ಟ ಟಯರು ತಯಾರಕರಾದ ಮಿಶೆಲಿನ್ ಸಂಸ್ಥೆಯ ವಶಕ್ಕೆ ಹೋಯಿತು. ಸಂಸ್ಥಾಪಕ ಆಂದ್ರೆ ಸಿತ್ರೋಯೆನ್ ಮರುವರ್ಷವೇ ತೀರಿಕೊಂಡನು. ಹಲವು ವರ್ಷ ಕಳೆದ ಮೇಲೆ, 1959ರಲ್ಲಿ, ವಿನ್ಯಾಸಕ ಅಲೆಕ್ ಇಸಿಗೋನಿಸ್ ಎಂಜಿನ್ನನ್ನು ಅಡ್ಡಲಾಗಿ ತಿರುಗಿಸಿ ಗೇರುಗಳನ್ನು ಅದರ ಎಣ್ಣೆತೊಟ್ಟಿಯೊಳಗೇ ಅಡಗಿಸಿ ಮಿನಿ ಕಾರನ್ನು ನಿರ್ಮಿಸಿದಾಗ ಹತ್ತು ಅಡಿ ಉದ್ದದಲ್ಲಿ ನಾಲ್ವರಿಗೆ ಸ್ಥಳ ದೊರೆಯಿತು. ಆದರೆ ಫೋರ್ಡ್ ಕಂಪೆನಿಯವರು ಒಂದು ಮಿನಿಯನ್ನು ಕೊಂಡು, ಬಿಚ್ಚಿ, ಪ್ರತಿಯೊಂದು ಕಾರಿಗೂ ತಯಾರಕರು ನಷ್ಟವನ್ನೇ ಅನುಭವಿಸುತ್ತಿರುವರೆಂದು ಲೆಕ್ಕಹಾಕಿದರೆಂಬ ಕಥೆ ಮೋಟಾರು ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಲಾಭದ ದಾರಿಯನ್ನು ತೋರಿಸಿದವನು ಇಟಲಿಯ ದಾಂತೆ ಜಿಯಾಕೋಸಾ. ಅಡ್ಡ ಎಂಜಿನ್ನಿನ ಪಕ್ಕದಲ್ಲೇ ಗೇರುಪೆಟ್ಟಿಗೆಯನ್ನು ಸಾಲಾಗಿ ನಿಲ್ಲಿಸಿ, ಎರಡು ಅಸಮ ಉದ್ದದ ಶಾಫ್ಟುಗಳಿಂದ ಚಕ್ರಗಳನ್ನು ತಿರುಗಿಸುವ ಅವನ ಕ್ರಮ 1964ರ ಪ್ರಿಮೂಲಾ ಕಾರಿನಲ್ಲಿ ಪರೀಕ್ಷಿತವಾಗಿ, 1969ರ ಫಿಯೆಟ್ 128ರಲ್ಲಿ ಸ್ಥಿರಗೊಂಡಿತು. ಎಂಜಿನ್ನು, ಗೇರು, ಶಾಫ್ಟುಗಳನ್ನು ಒಂದೇ ಗಂಟಾಗಿ ಪ್ರತ್ಯೇಕವಾಗಿ ಜೋಡಿಸಿ, ಕೊನೆಯಲ್ಲಿ ಕೆಳಗಿನಿಂದ ಕಾರಿನೊಳಕ್ಕೆ ಎತ್ತಿ ಕೂರಿಸಬಹುದಾದ ಈ ವಿಧಾನದಿಂದ ದುಡಿಮೆಯ ಗಂಟೆಗಳು ಇಳಿದವು. ಇಂದಿನ ಮುಂಚಕ್ರ ಕಾರುಗಳು ಬಹುಮಟ್ಟಿಗೆ ಇದೇ ಮನೆತನದವು.

ಇಷ್ಟಾದರೂ ಅಮೆರಿಕದ ದೊಡ್ಡ ಕಂಪೆನಿಗಳು ಅಲುಗಲಿಲ್ಲ. ಹಿಂಚಕ್ರದ ಯಂತ್ರಸಾಮಗ್ರಿಯ ಬೆಲೆಯೆಲ್ಲ ಎಂದೋ ತೀರಿಹೋಗಿದ್ದುದರಿಂದ ಹಳೆಯದೇ ಅವರಿಗೆ ಅಗ್ಗವಾಗಿದ್ದಿತು. 1973ರ ತೈಲ ಸಂಕಟದ ತರುವಾಯ 1975ರಲ್ಲಿ ಅಲ್ಲಿನ ಸಂಸತ್ತು ಅಂಗೀಕರಿಸಿದ ಶಾಸನವು, ಒಂದು ಕಂಪೆನಿ ಮಾರಿದ ಎಲ್ಲ ಕಾರುಗಳ ಸರಾಸರಿ 1978ರಲ್ಲಿ ಗ್ಯಾಲನ್ನಿಗೆ 18 ಮೈಲಿ, 1985ರಲ್ಲಿ 27.5 ಮೈಲಿ ಇರತಕ್ಕದ್ದೆಂದು ವಿಧಿಸಿತು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು ಏಳೂವರೆ ಕಿಲೋಮೀಟರಿನಿಂದ ಹನ್ನೊಂದೂವರೆಗೂ ಮೇಲಕ್ಕೆ ಏರಿದಂತಾಯಿತು. ಸರಾಸರಿಯೆಂಬ ಈ ಮಾತಿನಲ್ಲಿಯೇ ಕೀಲಿಯಿತ್ತು: ಒಂದೆರಡು ಸಣ್ಣ ಕಾರುಗಳು ಸಾಲವು, ಮಾರುವ ಕಾರುಗಳೆಲ್ಲವೂ ಹಗುರಾಗಬೇಕು. ಒಳಗಿನ ವಿಶಾಲತೆಯನ್ನು ಬಿಟ್ಟುಕೊಡದೆ ಹೊರಮೈಯನ್ನು ಕುಗ್ಗಿಸಿ ತೂಕವನ್ನು ಇಳಿಸಬೇಕಾದರೆ ದಿಬ್ಬವೂ ಹೌಸಿಂಗೂ ಹೋಗಲೇಬೇಕಾಗಿದ್ದಿತು. 1978ರಲ್ಲಿ ಕ್ರೈಸ್ಲರ್, 1979ರಲ್ಲಿ ಜನರಲ್ ಮೋಟಾರ್ಸ್ ಮುಂಚಕ್ರದ ಹೊಸ ಕಾರುಗಳನ್ನು ಹೊರತಂದವು. 1975ರಲ್ಲಿ ಅಮೆರಿಕದ ಹೊಸ ಕಾರುಗಳಲ್ಲಿ ನೂರಕ್ಕೆ ಹತ್ತರಷ್ಟೂ ಇಲ್ಲದ ಮುಂಚಕ್ರದವು 1990ರ ವೇಳೆಗೆ ಎಂಬತ್ತನ್ನು ಮೀರಿದವು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಮಕೋನದ ತಿರುವಿನಲ್ಲಿ ಕ್ರೌನ್-ಪಿನಿಯನ್ನುಗಳು ನುಂಗುವ ಶಕ್ತಿಯನ್ನು ಉಳಿಸಿದರೆ ಸಿಗುವ ಇಂಧನ ನೂರಕ್ಕೆ ಕೆಲವೇ ಅಂಶ. ಮಿಕ್ಕ ಉಳಿತಾಯವೆಲ್ಲವೂ ತೂಕದ್ದು. ಮುಂಚಕ್ರಕ್ಕೆ ಸಲ್ಲುತ್ತಿರುವ ಕೀರ್ತಿಯಲ್ಲಿ ದೊಡ್ಡ ಪಾಲು ವಾಸ್ತವವಾಗಿ ತಕ್ಕಡಿಗೆ ಸಲ್ಲಬೇಕಾದುದು.

ಇತ್ತ ಕನ್ನಡ ಕರಾವಳಿಗೆ ಮೋಟಾರು ಬಂದುದು ಹಿಂಚಕ್ರದ ಮೇಲೆಯೇ. ಮಂಗಳೂರಿನಲ್ಲಿ 1914ರಲ್ಲಿ ಸ್ಥಾಪಿತವಾದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಜನರ ಬಾಯಲ್ಲಿ ಸಿ.ಪಿ.ಸಿ., ಜಿಲ್ಲೆಯ ಬಸ್ಸು ಸಂಚಾರಕ್ಕೆ ಅಡಿಗಲ್ಲಾಯಿತು. ಸ್ವಾತಂತ್ರ್ಯಾನಂತರ, ಉತ್ತರಪಾರಾದ ಹಿಂದುಸ್ತಾನ್ ಮೋಟಾರ್ಸಿನ ಅಂಬಾಸಿಡರ್ ಮತ್ತು ಮುಂಬಯಿ ಕುರ್ಲಾದ ಪ್ರೀಮಿಯರ್ ಕಂಪೆನಿಯ ಫಿಯೆಟ್ ಇವೆರಡೇ ಬಹುಕಾಲ ಈ ಭಾಗದ ಮುಖ್ಯ ಕಾರುಗಳಾಗಿದ್ದವು. ಬಂಟ್ವಾಳ ಕ್ರಾಸ್ ರೋಡು ಎಂಬ ಹೆಸರು ಸವೆದು ಬಿ.ಸಿ.ರೋಡ್ ಆದ ಕವಲಿನಲ್ಲಿಯೂ, ಗುರುವಾಯನಕೆರೆ, ಉಜಿರೆ, ಮೂಡುಬಿದಿರೆಯ ನಿಲ್ದಾಣಗಳಲ್ಲಿಯೂ ಸರ್ವಿಸ್ ಕಾರುಗಳೆಂದು ಸಾಲಾಗಿ ನಿಂತು, ಮುಂದೆ ನಾಲ್ವರು ಹಿಂದೆ ಆರೇಳು ಮಂದಿಯೆಂಬ ಅಘೋಷಿತ ಶಾಸ್ತ್ರದಂತೆ ತುಂಬಿಕೊಂಡು ಹೊರಡುತ್ತಿದ್ದುದು ಅಂಬಾಸಿಡರೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚುಗಳಿಂದಲೇ 1950ರ ದಶಕದ ಕೊನೆಯಿಂದ 2014ರವರೆಗೆ ಅದು ತಯಾರಾಯಿತು. ಅಚ್ಚಿನ ಬೆಲೆ ತೀರಿದ ಯಂತ್ರದಿಂದ ಹೊರಬೀಳುವ ಕಾರಿಗಿಂತ ಅಗ್ಗವಾದ ಕಾರು ಬೇರೊಂದಿರದು ಎಂಬ ಸೂತ್ರಕ್ಕೆ ಇದಕ್ಕಿಂತ ದೀರ್ಘವಾದ ವ್ಯಾಖ್ಯಾನವಿಲ್ಲ. ಅದರ ಹಿಂದಿನ ಹೌಸಿಂಗು ಕುಳಿತಿದ್ದುದು ಪಟ್ಟಿಸ್ಪ್ರಿಂಗುಗಳ ಮೇಲೆ. ಇಂಥ ಸ್ಪ್ರಿಂಗುಗಳನ್ನು ಮಂಗಳೂರಿನಲ್ಲಿಯೇ ತಯಾರಿಸಿ ಕೆನರಾ ಸ್ಪ್ರಿಂಗ್ಸ್ ಎಂಬ ಹೆಸರನ್ನು ದೇಶಕ್ಕೆ ಪರಿಚಯಿಸಿದವರು, ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲೊಬ್ಬರಾದ ವಿ. ಎಸ್. ಕುಡ್ವರು ಕಟ್ಟಿದ ಕೆನರಾ ವರ್ಕ್‌ಷಾಪ್ಸ್ ಸಂಸ್ಥೆಯವರು. ಹಿಂಚಕ್ರದ ತಂತ್ರ ಎಷ್ಟರಮಟ್ಟಿಗೆ ಜಿಲ್ಲಾ ಪಟ್ಟಣವೊಂದರ ಕೈಗೆಟುಕುವಂಥದು ಎಂಬುದಕ್ಕೆ ಇದೇ ಸಾಕ್ಷಿ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿರುವ ಹಳೆಯ ಕಾರುಗಳ ಸಂಗ್ರಹಾಲಯದಲ್ಲಿ ಬಾಗಿ ಕಾರಿನ ಅಡಿಯನ್ನು ನೋಡುವ ಅಭ್ಯಾಸವುಳ್ಳವರಿಗೆ ಆ ಯುಗದ ಶಾಫ್ಟು-ಹೌಸಿಂಗುಗಳ ವಂಶಾವಳಿಯೇ ಕಾಣಸಿಗುತ್ತದೆ.

1983ರ ಡಿಸೆಂಬರ್ 14ರಂದು ಗುರುಗಾಂವಿನಿಂದ ಹೊರಬಿದ್ದ ಮಾರುತಿ 800 ಭಾರತದ ಸಾಮಾನ್ಯನಿಗೆ ಮುಂಚಕ್ರ ಚಾಲನೆಯನ್ನು ಪರಿಚಯಿಸಿತು. ಮೂರು ಸಿಲಿಂಡರಿನ 796 ಸಿಸಿಯ ಅಡ್ಡ ಎಂಜಿನ್ನು, ಸುಮಾರು 650 ಕಿಲೋ ತೂಕ. ಅಂಬಾಸಿಡರು 1,100 ಕಿಲೋವನ್ನು ಮೀರಿದುದು. ಲೀಟರಿಗೆ ಎಂಟು ಹತ್ತು ಕಿಲೋಮೀಟರು ನಡೆಯುವುದನ್ನೇ ಪ್ರಾರಬ್ಧವೆಂದು ಒಪ್ಪಿಕೊಂಡಿದ್ದ ಜನಕ್ಕೆ ಹದಿನಾರು ಹದಿನೇಳು ನಡೆಯುವ ಕಾರು ಮಾಯೆಯಂತೆ ಕಂಡಿತು. ಇಂಧನ ಮಿತವ್ಯಯದ ವಾಹನಗಳಿಗೆಂದು ಆ ದಶಕದಲ್ಲಿ ಸರ್ಕಾರ ಕೊಟ್ಟ ಸುಂಕದ ರಿಯಾಯಿತಿ ಅದಕ್ಕೆ ಊರುಗೋಲಾಯಿತು. ಬಿಡಿಭಾಗಗಳು ಮೊದಮೊದಲು ಜಪಾನಿನಿಂದಲೇ ಬರುತ್ತಿದ್ದುದರಿಂದ, 1985ರ ಅನಂತರ ಯೆನ್ನಿನ ಬೆಲೆ ಏರಿದಾಗ ತಯಾರಿಕೆಯ ವೆಚ್ಚವೂ ಏರಿತು. ದುರಸ್ತಿಯಲ್ಲಿಯೂ ಹೊಸ ಪಾಠ ಕಲಿಯಬೇಕಾಯಿತು. ಶಾಫ್ಟಿನ ಕ್ರಾಸ್ ಸವೆದರೆ ಹೊಸದನ್ನು ತಟ್ಟಿ ಕೂರಿಸುತ್ತಿದ್ದ ಕೈಗಳಿಗೆ, ರಬ್ಬರಿನ ಬೂಟು ಹರಿದು ಒಳಕ್ಕೆ ಕೆಸರು ಹೊಕ್ಕು, ತಿರುವಿನಲ್ಲಿ ಕಟಕಟನೆ ಸದ್ದುಮಾಡುವ ಗುಂಡಿನ ಕೀಲನ್ನು ಇಡಿಯಾಗಿ ಬದಲಿಸುವುದರ ಹೊರತು ಮಾರ್ಗವಿರಲಿಲ್ಲ. ಆರು ತಿಂಗಳು ಕೆಂಪು ಕೆಸರಿನಲ್ಲಿ ಮೀಯುವ ದಾರಿಗಳಲ್ಲಿ ಆ ಬೂಟಿಗೆ ದೀರ್ಘಾಯುಸ್ಸು ಎಲ್ಲಿಂದ ಬರಬೇಕು?

ಮಾರುತಿ 800 ಬಂದ ಮರುವರ್ಷವೇ ಅದೇ ಕಂಪೆನಿ ಅದೇ 796 ಸಿಸಿಯ ಎಂಜಿನ್ನನ್ನು ಮುಂದಿನ ಸೀಟಿನ ಕೆಳಗೆ ಉದ್ದುದ್ದ ಮಲಗಿಸಿ, ಹಿಂದಿನ ಚಕ್ರಗಳಿಗೆ ಜೋಡಿಸಿ, ಮುಂದೆ ಓಮ್ನಿ ಎಂದು ಹೆಸರಾದ ವ್ಯಾನನ್ನು ತಂದಿತು. ಒಂದೇ ಎಂಜಿನ್ನು ಎರಡು ಬಗೆಯ ಚಾಲನೆಯಲ್ಲಿ ದುಡಿದ ಈ ಜೋಡಿ ನಮ್ಮ ವಿಷಯಕ್ಕೆ ಪ್ರಯೋಗಶಾಲೆಯಂತಿದೆ. ಓಮ್ನಿ ಲೀಟರಿಗೆ ಸ್ವಲ್ಪ ಕಡಮೆ ಓಡಿತು ನಿಜ. ಆದರೆ ಪೆಟ್ಟಿಗೆಯಂಥ ಮೈಯನ್ನೂ ಹೆಚ್ಚಿನ ತೂಕವನ್ನೂ ಲೆಕ್ಕದಿಂದ ಕಳೆದರೆ ಉಳಿಯುವ ವ್ಯತ್ಯಾಸ ಅತ್ಯಲ್ಪ. ಏರಿನಲ್ಲಿಯಂತೂ ಓಮ್ನಿಯದೇ ಮೇಲುಗೈ. ವಾಹನ ಏರನ್ನು ಹತ್ತುವಾಗ ಭಾರವು ಹಿಂದಕ್ಕೆ ಸರಿಯುತ್ತದೆ. ಹಿಂದೆ ನಾಲ್ಕಾರು ಜನರೋ ಅಡಕೆಯ ಗೋಣಿಗಳೋ ಇದ್ದರೆ ಮತ್ತಷ್ಟು ಸರಿಯುತ್ತದೆ. ಆಗ ಹಿಂಚಕ್ರ ನೆಲವನ್ನು ಕಚ್ಚಿ ಹಿಡಿಯುತ್ತದೆ, ಮುಂಚಕ್ರ ಹಗುರಾಗಿ ಜಲ್ಲಿಯ ಮೇಲೆ ಸುಮ್ಮನೆ ಸುತ್ತುತ್ತದೆ. ಕಾರು ಬರಿದಾಗಿದ್ದು ರಸ್ತೆ ಸಮವಾಗಿದ್ದರೆ ಎಂಜಿನ್ನಿನ ಭಾರವನ್ನೆಲ್ಲ ಹೊತ್ತ ಮುಂಚಕ್ರವೇ ಗಟ್ಟಿಯಾಗಿ ಹಿಡಿಯುತ್ತದೆಂಬುದೂ ಅಷ್ಟೇ ಸತ್ಯ. ಮೂಡುಬಿದಿರೆಯ ಪೇಟೆಯ ಸುತ್ತ ಓಡಾಡುವವನಿಗೂ, ಮುಂಡಾಜೆ, ಕಕ್ಕಿಂಜೆಗಳ ಒಳದಾರಿಯಲ್ಲಿ ತೋಟದ ಮನೆ ಸೇರಬೇಕಾದವನಿಗೂ ಆದುದರಿಂದ ಒಂದೇ ಉತ್ತರ ಒಗ್ಗುವುದಿಲ್ಲ. ಸರ್ವಿಸ್ ಜೀಪುಗಳು ಆ ಭಾಗದಲ್ಲಿ ಬೇರೂರಿದ್ದಕ್ಕೂ, 2019ರಲ್ಲಿ ಓಮ್ನಿ ನಿಂತಮೇಲೆ ಅದರ ಕೆಲಸಕ್ಕೆ ಒದಗಿದ ಈಕೋ ವ್ಯಾನು ಸಹ ಹಿಂಚಕ್ರದ್ದೇ ಆಗಿರುವುದಕ್ಕೂ ಹೇರಿನ ಈ ನ್ಯಾಯವೇ ಕಾರಣ. ಎಂಜಿನ್ನನ್ನೇ ಹಿಂಚಕ್ರಗಳ ಮೇಲೆ ಕೂರಿಸಿಕೊಂಡು ಉದ್ದದ ಶಾಫ್ಟನ್ನೂ, ತಿರುಗುವ ಚಕ್ರಕ್ಕೆ ಶಕ್ತಿ ಕೊಡುವ ಕೀಲಿನ ಗೋಜನ್ನೂ ಏಕಕಾಲಕ್ಕೆ ಕಳೆದುಕೊಂಡ ಆಟೋರಿಕ್ಷಾ ಈ ಪರಿವಾರದಲ್ಲಿ ಅತ್ಯಂತ ಅಗ್ಗದ್ದು. ಒಂದು ಲಕ್ಷ ರೂಪಾಯಿಯ ಕಾರೆಂದು 2009ರಲ್ಲಿ ಮಾರಾಟಕ್ಕೆ ಬಂದ ಟಾಟಾ ನ್ಯಾನೊ ಅನುಸರಿಸಿದ್ದೂ ಅದೇ ಉಪಾಯವನ್ನು.

ಭಾರತದಲ್ಲಿ ಅಮೆರಿಕದ ಮಾದರಿಯ ಸರಾಸರಿ ನಿಯಮ ಜಾರಿಗೆ ಬಂದುದು ತೀರ ಈಚೆಗೆ. 2001ರ ಇಂಧನ ಸಂರಕ್ಷಣಾ ಕಾಯಿದೆಯಡಿಯಲ್ಲಿ ಘೋಷಿತವಾಗಿ 2017ರ ಏಪ್ರಿಲಿನಿಂದ ಅನ್ವಯವಾದ ಮೊದಲ ಹಂತದಲ್ಲಿ ಕಿಲೋಮೀಟರಿಗೆ 130 ಗ್ರಾಂ ಇಂಗಾಲದ ಡೈಆಕ್ಸೈಡನ್ನೂ, 2022ರ ಎರಡನೆಯ ಹಂತದಲ್ಲಿ 113 ಗ್ರಾಂ ಅನ್ನೂ ಸರಾಸರಿಯ ಮಿತಿಯಾಗಿ ಗೊತ್ತುಪಡಿಸಲಾಯಿತು. ಆದರೆ ಪ್ರತಿ ಕಂಪೆನಿಯ ಮಿತಿಯೂ ಅದು ಮಾರುವ ಕಾರುಗಳ ಸರಾಸರಿ ತೂಕವನ್ನು ಅವಲಂಬಿಸಿದೆ: ಎರಡನೆಯ ಹಂತದ ಸೂತ್ರದಂತೆ ತೂಕ 100 ಕಿಲೋ ಹೆಚ್ಚಿದರೆ 100 ಕಿಲೋಮೀಟರಿಗೆ 0.2 ಲೀಟರು ಹೆಚ್ಚು ಉರಿಸಲು ಅನುಮತಿಯುಂಟು. ಹಗುರಾದವನಿಗೆ ಮಿತಿ ಬಿಗಿ, ದಪ್ಪನೆಯವನಿಗೆ ಸಡಿಲ. ತೂಕ ಇಳಿಸುವುದೇ ಮುಂಚಕ್ರದ ಮುಖ್ಯ ಬಲವಾಗಿರುವಾಗ, ಆ ಬಲದ ಫಲದಲ್ಲಿ ಒಂದು ಪಾಲನ್ನು ನಿಯಮವೇ ಹಿಂದಕ್ಕೆ ಕಿತ್ತುಕೊಂಡಂತಾಯಿತು. 2022ರ ತಿದ್ದುಪಡಿ ಇದಕ್ಕೆ ದಂಡದ ಹಲ್ಲನ್ನು ಕೂಡಿಸಿತು. ಮಿತಿಯನ್ನು 100 ಕಿಲೋಮೀಟರಿಗೆ 0.2 ಲೀಟರಿನವರೆಗೆ ಮೀರಿದರೆ ಮಾರಿದ ಪ್ರತಿ ಕಾರಿಗೆ 25,000 ರೂಪಾಯಿ, ಅದಕ್ಕೂ ಮೀರಿದರೆ 50,000. ಇಂಥ ಮೊತ್ತದ ಮುಂದೆ ಶಾಫ್ಟು ಹೌಸಿಂಗುಗಳ ವೆಚ್ಚದ ಚರ್ಚೆ ಚಿಲ್ಲರೆಯ ಮಾತಾಗಿಬಿಡುತ್ತದೆ. ಇದಕ್ಕೂ ಮುನ್ನ, 2006ರಲ್ಲಿ, ನಾಲ್ಕು ಮೀಟರಿಗಿಂತ ಗಿಡ್ಡವಾದ ಸಣ್ಣ ಎಂಜಿನ್ನಿನ ಕಾರುಗಳಿಗೆ ಕೊಟ್ಟ ಅಬಕಾರಿ ಸುಂಕದ ವಿನಾಯಿತಿ, ಎಂಜಿನ್ನುಗಳನ್ನು ಅಡ್ಡಲಾಗಿ ತಿರುಗಿಸುವುದರಲ್ಲಿ ಈ ನಿಯಮಕ್ಕಿಂತ ಹೆಚ್ಚಿನ ಕೆಲಸವನ್ನು ಮಾಡಿತೆಂದು ಈ ಲೇಖಕನ ಅಭಿಪ್ರಾಯ.

ಕರ್ನಾಟಕದೊಳಗೆ ಈ ಚರಿತ್ರೆಯ ಪ್ರಮುಖ ಘಟ್ಟ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ನಡೆಯಿತು. 2000ದ ಕ್ವಾಲಿಸ್, 2005ರ ಇನ್ನೋವಾ, 2016ರ ಕ್ರಿಸ್ಟಾ ಮೂರೂ ಲಾರಿಯಂತೆ ಚಾಸಿಯ ಮೇಲೆ ಮೈಯನ್ನು ಕೂರಿಸಿದ, ಹಿಂಚಕ್ರದ ವಾಹನಗಳು. ಧರ್ಮಸ್ಥಳಕ್ಕೆ ಬೆಂಗಳೂರಿನಿಂದ ಯಾತ್ರಿಕರನ್ನು ಹೊತ್ತು ಶಿರಾಡಿ, ಚಾರ್ಮಾಡಿ ಘಾಟಿಗಳನ್ನು ಇಳಿದು ಬರುವ ಬಾಡಿಗೆ ವಾಹನಗಳಲ್ಲಿ ಇವು ಸರ್ವಪರಿಚಿತ. ಆಕ್ಸಲ್ಲು, ಪ್ರೊಪೆಲ್ಲರ್ ಶಾಫ್ಟು, ಗೇರುಪೆಟ್ಟಿಗೆಗಳನ್ನು ತಯಾರಿಸುವುದಕ್ಕೆಂದೇ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ ಎಂಬ ಸಹಸಂಸ್ಥೆಯೊಂದು ಬೆಳೆಯಿತು. 2022ರ ನವೆಂಬರಿನಲ್ಲಿ ಪ್ರಕಟವಾದ ಇನ್ನೋವಾ ಹೈಕ್ರಾಸ್ ಅದೇ ಹೆಸರನ್ನಿಟ್ಟುಕೊಂಡು ಚಾಸಿಯನ್ನೂ ಶಾಫ್ಟನ್ನೂ ತ್ಯಜಿಸಿ ಮುಂಚಕ್ರಕ್ಕೆ ಬಂದಿತು; ಪೆಟ್ರೋಲಿನ ಜೊತೆಗೆ ವಿದ್ಯುತ್ ಮೋಟಾರನ್ನೂ ಬಳಸುವ ಹೈಬ್ರಿಡ್ ಯಂತ್ರವನ್ನು ಅದರಲ್ಲಿ ಅಳವಡಿಸಲಾಯಿತು. ಎರಡನೆಯ ಹಂತದ ನಿಯಮದಲ್ಲಿ ಇಂಥ ಹೈಬ್ರಿಡ್ ಕಾರೊಂದನ್ನು ಎರಡು ಕಾರುಗಳೆಂದೂ, ಪೂರ್ಣ ವಿದ್ಯುತ್ ಕಾರೊಂದನ್ನು ಮೂರು ಕಾರುಗಳೆಂದೂ ಎಣಿಸುವ ಕ್ರಮವಿರುವುದನ್ನು ನೆನೆದರೆ ಆ ಹೈಬ್ರಿಡ್‌ನ ದುಬಾರಿ ವೆಚ್ಚಕ್ಕೆ ಅರ್ಥ ಹೊಳೆಯುತ್ತದೆ. ಹಳೆಯ ಕ್ರಿಸ್ಟಾವನ್ನು ಮಾತ್ರ ಕಂಪೆನಿ ಕೈಬಿಡಲಿಲ್ಲ. ಡೀಸೆಲ್ಲಿನ ಹಿಂಚಕ್ರದ ಆ ವಾಹನ ಬಾಡಿಗೆಯವರಿಗಾಗಿ ಹೈಕ್ರಾಸಿನ ಜೊತೆಜೊತೆಯಲ್ಲೇ ತಯಾರಾಗುತ್ತ ಬಂದಿತು.

ವಿದ್ಯುತ್ ಕಾರಿನಲ್ಲಿ ಮೋಟಾರು ಸಣ್ಣದಾಗಿ ಆಕ್ಸಲ್ಲಿನ ಬಳಿಯೇ ಕೂರುವುದರಿಂದ ಉದ್ದದ ಶಾಫ್ಟಿನ ಪ್ರಶ್ನೆಯೇ ಏಳುವುದಿಲ್ಲ. ಮುಂಚಕ್ರಕ್ಕೆ ತೂಕದ ಲೆಕ್ಕದಲ್ಲಿ ಇದ್ದ ಅನುಕೂಲ ಅಲ್ಲಿಗೆ ಕರಗುತ್ತದೆ. ಬೆಂಗಳೂರಿನಲ್ಲಿ 2001ರಲ್ಲಿ ಮಾರಾಟವಾಗತೊಡಗಿದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಹಿಂಚಕ್ರದಿಂದಲೇ ಓಡುತ್ತಿದ್ದಿತು. ಆ ಕಂಪೆನಿಯನ್ನು 2010ರಲ್ಲಿ ಕೊಂಡ ಮಹೀಂದ್ರ ಸಂಸ್ಥೆ 2024ರ ನವೆಂಬರಿನಲ್ಲಿ ಪ್ರಕಟಿಸಿದ ಎರಡು ದೊಡ್ಡ ವಿದ್ಯುತ್ ಕಾರುಗಳಲ್ಲಿಯೂ ಮೋಟಾರು ಹಿಂದಿನ ಚಕ್ರಗಳ ನಡುವೆಯೇ ಇದೆ.