ಕೀಲಿಮಣೆಯೂ ನೀರುಗಂಟಿಯೂ



ಲೆಡ್ಜರಿನಿಂದ ಕಂಪ್ಯೂಟರಿಗೆ ಬಂದ ಸಂಘಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಸಾಮಾನು ಚೆನ್ನಾಗೇ ಐತೆ, ಹೊಸ ಮಿಷನ್ನಿಗೆ ಹಿಡೀತಿಲ್ಲ." ಇದರ ಚರಿತ್ರೆಯನ್ನು ನಾವು ತಿಳಿದಿರುವುದು ಒಳ್ಳೆಯದು.

1987ರಲ್ಲಿ ಐಬಿಎಂ ಕಂಪನಿ ಪಿಎಸ್/2 ಎಂಬ ಸಣ್ಣ ದುಂಡು ಪಿನ್ನು ತಂದಿತು. 1996ರಲ್ಲಿ ಯುಎಸ್‌ಬಿ ಬಂತು. ಪಿನ್ನಿನ ತೊಂದರೆಗೆ ಪರಿವರ್ತಕ ಉಂಟು. ಆದರೆ ಒಳಗೆ ಡ್ರೈವರ್ ಎಂಬ ತಂತ್ರಾಂಶವೂ ಬೇಕು. ಅದು ನಮ್ಮ ಹುಲ್ಲಹಳ್ಳಿ ನಾಲೆಯ ನೀರುಗಂಟಿ ಇದ್ದ ಹಾಗೆ. ನಾಲೆ ತುಂಬಿದ್ದರೂ ತೂಬು ಎತ್ತುವವನಿಲ್ಲದೆ ಗದ್ದೆಗೆ ನೀರು ಬಾರದು. ಸಾಮಾನ್ಯ ಕೀಲಿಮಣೆಗೆ ಡ್ರೈವರ್ ವಿಂಡೋಸಿನಲ್ಲೇ ಇರುತ್ತದೆ. ಹಳೆಯ ಸ್ಕ್ಯಾನರ್, ಹೆಬ್ಬೆಟ್ಟು ಯಂತ್ರಗಳಿಗೆ ತಯಾರಕರೇ ಕೊಡಬೇಕು. 2021ರಲ್ಲಿ ಬಂದ ವಿಂಡೋಸ್ 11ರಲ್ಲಿ 32 ಬಿಟ್‌ನ ಹಳೆ ಡ್ರೈವರ್ ನಡೆಯದು.

ಕನ್ನಡಕ್ಕೆ ಬೇರೆ ಕೀಲಿಮಣೆ ಕೊಳ್ಳುವ ಖರ್ಚನ್ನು ಕೆ.ಪಿ. ರಾವ್ ಅವರ ವಿನ್ಯಾಸ ತಪ್ಪಿಸಿತು; ಇಂಗ್ಲಿಷ್ ಕೀಲಿಗಳಲ್ಲೇ ಕನ್ನಡ ಮೂಡಿತು. ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಕೊಟ್ಟಿತು. ಆದರೆ ನುಡಿಯ ಹಳೆ ಅಕ್ಷರಶೈಲಿಯ ಬರಹ, ಆ ಶೈಲಿ ಇಲ್ಲದ ಮಿಷನ್ನಿನಲ್ಲಿ ಓದಲಾಗದ ಗೀಚಾಗುತ್ತದೆ. ಅದರಲ್ಲಿ ರೈತರ ಹೆಸರು, ಸಾಲದ ಬಾಕಿ ಇದ್ದರೆ ಗತಿಯೇನು?

ಆದ್ದರಿಂದ ಹಳೆ ಮಿಷನ್ ಗುಜರಿಗೆ ಹಾಕುವ ಮುಂಚೆ ಕಡತಗಳನ್ನು ಯೂನಿಕೋಡಿಗೆ ಬದಲಿಸಿ, ಡ್ರೈವರ್ ಡಿಸ್ಕನ್ನು ಬೀರುವಿನಲ್ಲಿ ಜೋಪಾನ ಮಾಡೋಣ. ಲೆಕ್ಕ ಉಳಿದರೆ ಸಂಘ ಉಳಿದೀತು.