ಕೇಳಿ ಮುಟ್ಟಿದ ಕೈ

ಹಲಸೂರಿನ ನಮಗೆ ದೊಡ್ಡಾಸ್ಪತ್ರೆಯೆಂದರೆ ಶಿವಾಜಿನಗರದ ಬೌರಿಂಗ್. ಬೌರಿಂಗ್ ಸಾಹೇಬರು ಮೈಸೂರಿನ ಕಮಿಷನರಾಗಿದ್ದ 1860ರ ದಶಕದಲ್ಲಿ ದಂಡಿನ ಜನರಿಗಾಗಿ ಎದ್ದದ್ದು. ನಮ್ಮಮ್ಮ ನಮ್ಮನ್ನೆಲ್ಲ ಹೆತ್ತದ್ದು ಅಲ್ಲೇ. ಬಿಳಿ ಕೋಟಿನವರಲ್ಲಿ ಯಾರು ಕಲಿತವರು, ಯಾರು ಇನ್ನೂ ಕಲಿಯುತ್ತಿರುವವರು ಎಂದು ಆಕೆ ಯಾವತ್ತೂ ಕೇಳಿದವಳಲ್ಲ.

ನನಗೆ ಆ ಪ್ರಶ್ನೆ ಎದ್ದದ್ದು ಬೇರೊಂದು ಬೋಧಕ ಆಸ್ಪತ್ರೆಯಲ್ಲಿ. ಗರ್ಭಕೋಶದ ತೊಂದರೆಯಿಂದ ಮಲಗಿದ್ದೆ. ಬೆಳಗಿನ ರೌಂಡ್ಸಿನಲ್ಲಿ ಆರೇಳು ಮಂದಿ ಸುತ್ತುವರಿದರು. ಪರದೆ ಎಳೆಯಲಿಲ್ಲ, ಹೆಸರು ಹೇಳಲಿಲ್ಲ; ಒಬ್ಬರಾದ ಮೇಲೊಬ್ಬರು ಹೊಟ್ಟೆ ಒತ್ತಿ ನೋಡಿ, ಇಂಗ್ಲಿಷಿನಲ್ಲಿ ಮಾತಾಡಿಕೊಂಡು ಹೋದರು. ಸಂಜೆ ಅವರಲ್ಲೇ ಒಬ್ಬಳು ಹಿಂತಿರುಗಿ ಬಂದು ತನ್ನ ಹೆಸರು ಹೇಳಿದಳು. “ಅಮ್ಮಾ, ನಾನು ಪಿ.ಜಿ. ಎರಡನೇ ವರ್ಷದವಳು. ಇನ್ನೊಮ್ಮೆ ನೋಡಲೇ? ಬೇಡವೆಂದರೆ ಬೇಡ” ಎಂದಳು. ಅದೇ ಹೊಟ್ಟೆ, ಅದೇ ಕೈ. ಆದರೆ ಈ ಸಲ ನಾನು ಮೈ ಬಿಗಿಹಿಡಿಯಲಿಲ್ಲ.

ಎಂಥ ದೊಡ್ಡ ಡಾಕ್ಟರೂ ರೋಗಿಯ ಮೈಯಿಂದಲೇ ಕಲಿಯಬೇಕು. 1883ರಲ್ಲಿ ನಮ್ಮ ದಂಡಿನಲ್ಲಿ ಸೇನಾ ವೈದ್ಯರಾಗಿದ್ದ ರೊನಾಲ್ಡ್ ರಾಸ್ ತಮ್ಮ ಬಂಗಲೆಯ ನೀರಿನ ಪೀಪಾಯಿಯಲ್ಲಿ ಸೊಳ್ಳೆಮರಿಗಳನ್ನು ಗಮನಿಸಿದ್ದರು. ಇದ್ದ ಪದವಿ ಸಾಲದೆಂದು 1888ರಲ್ಲಿ ರಜೆ ಹಾಕಿ ಇಂಗ್ಲೆಂಡಿನಲ್ಲಿ ಮತ್ತೆ ವಿದ್ಯಾರ್ಥಿಯಾದರು. 1897ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾದ ಗುಟ್ಟು ಹಿಡಿದಾಗ, ಸೊಳ್ಳೆ ಕಚ್ಚಿಸಿಕೊಂಡ ರೋಗಿ ಹುಸೇನ್ ಖಾನನಿಗೆ ಸೊಳ್ಳೆಗೊಂದಾಣೆ ಕೊಟ್ಟರು. 1902ರಲ್ಲಿ ರಾಸ್ ಅವರಿಗೆ ನೊಬೆಲ್ ಬಂತು. ಆಣೆಯೇನೋ ಸಂದಿತು, ಆದರೆ ಸಾಹೇಬರ ಎದುರು ಆ ಬಡವ ‘ಬೇಡ’ ಎನ್ನಬಹುದಿತ್ತೇ?

ಆ ‘ಬೇಡ’ದ ಹಕ್ಕನ್ನು ನಮ್ಮ ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ಬಿಡಿಸಿ ಹೇಳಿತು. ಬರೀ ತಪಾಸಣೆಗೆಂದು ಅರಿವಳಿಕೆ ಪಡೆದಿದ್ದ ಹೆಂಗಸಿನ ಗರ್ಭಕೋಶವನ್ನು ಆಕೆಯ ತಾಯಿಯ ಒಪ್ಪಿಗೆಯ ಮೇಲೆ ತೆಗೆದಿದ್ದರು. ಜೀವಕ್ಕೆ ಅಪಾಯವಿಲ್ಲದಾಗ, ವಯಸ್ಕಳಾದ ಮಗಳ ಪರವಾಗಿ ತಾಯಿಯ ಒಪ್ಪಿಗೆಯೂ ಸಲ್ಲದೆಂದು ನ್ಯಾಯಾಲಯ ಹೇಳಿತು. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಒಪ್ಪಿಗೆಯಲ್ಲ.

ಎಂ.ಡಿ., ಎಂ.ಎಸ್. ಓದುವವರು ಮೂರು ವರ್ಷ ತಾವು ಮಾಡಿದ್ದನ್ನೆಲ್ಲ ಲಾಗ್‌ಬುಕ್ಕಿನಲ್ಲಿ ಬರೆದಿಡಬೇಕು. ಹಗಲಿರುಳು ದುಡಿಯುವ ಮಕ್ಕಳು, ಅವರ ಕಷ್ಟವೂ ಸಣ್ಣದಲ್ಲ. ಎಷ್ಟು ಹೆರಿಗೆ, ಎಷ್ಟು ಶಸ್ತ್ರಚಿಕಿತ್ಸೆ ಎಂಬುದು ಆ ಪುಸ್ತಕದಲ್ಲಿ ಸಿಗುತ್ತದೆ. ಎಷ್ಟು ಸಲ ಕೇಳಿ ಮುಟ್ಟಿದರು ಎಂಬ ಲೆಕ್ಕ ಯಾರಿಡಬೇಕು? ಮೊದಲು ಕಲಿಸುವವರು. ಪ್ರೊಫೆಸರರು ತಾವೇ ಪರದೆ ಎಳೆದರೆ ಹಿಂದೆ ನಿಂತವರೂ ನಾಳೆ ಎಳೆಯುತ್ತಾರೆ. ಆಮೇಲೆ ನಾವು. ಮಂಚದ ಸುತ್ತ ನಿಂತವರನ್ನು “ನಿಮ್ಮ ಹೆಸರೇನಪ್ಪಾ, ಏನು ಓದುತ್ತಿದ್ದೀರಿ?” ಎಂದು ಕೇಳುವುದು ಅವಿನಯವಲ್ಲ. ಅಮ್ಮ ಕೇಳಲಿಲ್ಲ. ನಾನೀಗ ಕೇಳುತ್ತೇನೆ.