ಮ್ಯಾಕ್‌ಬೆತ್: ನೆಪಗಳಿಲ್ಲದ ಮಹತ್ವಾಕಾಂಕ್ಷೆ

(ಕನ್ನಡ ಕೂಟದ ಸಾಹಿತ್ಯ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸಾಹಿತ್ಯದ ವೇದಿಕೆಯಲ್ಲಿ ವೈದ್ಯರಿಗೇನು ಕೆಲಸವೆಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ಇಂದು ನಾವು ಆರಿಸಿಕೊಂಡಿರುವ ನಾಟಕದಲ್ಲಿ ಒಬ್ಬರಲ್ಲ, ಇಬ್ಬರು ವೈದ್ಯರು ಬರುತ್ತಾರೆ. ಆ ನೆಂಟಸ್ತನದ ಬಲದಿಂದಲೇ ನಾವು ತಮ್ಮೆದುರು ನಿಂತಿದ್ದೇವೆ.

ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಬಹುಶಃ 1606ರಲ್ಲಿ ರಚಿತವಾದುದು. ಅದು ಮುದ್ರಣ ಕಂಡದ್ದು ಕವಿ ಗತಿಸಿ ಏಳು ವರ್ಷಗಳಾದ ಮೇಲೆ, 1623ರಲ್ಲಿ. ಅವನ ರುದ್ರನಾಟಕಗಳಲ್ಲೆಲ್ಲ ಇದೇ ಅತ್ಯಂತ ಚಿಕ್ಕದು. ಕಥೆ ತಮಗೆ ತಿಳಿದದ್ದೇ. ಯುದ್ಧ ಗೆದ್ದು ಮರಳುತ್ತಿರುವ ಸ್ಕಾಟ್ಲೆಂಡಿನ ದಂಡನಾಯಕ ಮ್ಯಾಕ್‌ಬೆತ್‌ನಿಗೆ ಮೂವರು ಮಾಟಗಾತಿಯರು ಎದುರಾಗಿ, ‘ನೀನು ಅರಸನಾಗುವೆ’ ಎಂದು ಕಣಿ ನುಡಿಯುತ್ತಾರೆ. ಜೊತೆಗಿದ್ದ ಬ್ಯಾಂಕೋನಿಗೆ, ಅವನ ಸಂತತಿಯವರು ಅರಸರಾಗುವರೆಂದು ಹೇಳುತ್ತಾರೆ. ಮಡದಿಯ ಪ್ರೇರಣೆಯಿಂದ ಮ್ಯಾಕ್‌ಬೆತ್ ತನ್ನ ಮನೆಗೆ ಅತಿಥಿಯಾಗಿ ಬಂದ ದೊರೆ ಡಂಕನ್‌ನನ್ನು ನಿದ್ದೆಯಲ್ಲಿ ಕೊಂದು ಪಟ್ಟವೇರುತ್ತಾನೆ. ಪಟ್ಟ ಉಳಿಸಿಕೊಳ್ಳಲು ಮತ್ತೆ ಮತ್ತೆ ಕೊಲ್ಲಿಸುತ್ತಾನೆ. ಮಡದಿ ಬುದ್ಧಿಭ್ರಮಣೆಗೊಳಗಾಗಿ ಸಾಯುತ್ತಾಳೆ, ಅವನು ರಣರಂಗದಲ್ಲಿ ಹತನಾಗುತ್ತಾನೆ.

ಈ ಕಥೆಗೂ ನಿಜವಾದ ಇತಿಹಾಸಕ್ಕೂ ಇರುವ ಅಂತರವನ್ನು ಅಳೆದು ನೋಡಿದರೆ ಕವಿಯ ಉದ್ದೇಶ ನಿಚ್ಚಳವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಇತಿಹಾಸದ ಮ್ಯಾಕ್‌ಬೆತ್ ಹನ್ನೊಂದನೆಯ ಶತಮಾನದವನು, ಉತ್ತರ ಸ್ಕಾಟ್ಲೆಂಡಿನ ಮೋರೆ ಪ್ರಾಂತ್ಯದ ಒಡೆಯ. ಡಂಕನ್ 1034ರಿಂದ ಆರು ವರ್ಷ ಆಳಿದ ದೊರೆ. ಅವನು ಮುದುಕನೂ ಅಲ್ಲ, ಸಾಧುವೂ ಅಲ್ಲ. 1040ರ ಆಗಸ್ಟ್‌ನಲ್ಲಿ ಮೋರೆಯ ಮೇಲೆ ದಂಡೆತ್ತಿ ಬಂದು, ಎಲ್ಗಿನ್ ಪಟ್ಟಣದ ಸಮೀಪದಲ್ಲಿ ಹತನಾದನು. ಮಲಗುವ ಕೋಣೆಯಲ್ಲಲ್ಲ, ಕಾಳಗದಲ್ಲಿ. ಅಂದಿನ ಸ್ಕಾಟ್ಲೆಂಡಿನಲ್ಲಿ ತಂದೆಯ ನಂತರ ಹಿರಿಯ ಮಗನೇ ಅರಸನಾಗಬೇಕೆಂಬ ಕಟ್ಟಳೆ ಇನ್ನೂ ಗಟ್ಟಿಯಾಗಿರಲಿಲ್ಲ. ರಾಜವಂಶದ ಕವಲುಗಳಲ್ಲಿ ಸಮರ್ಥನಾದವನು ಪಟ್ಟಕ್ಕೆ ಬರುತ್ತಿದ್ದನು. ಮ್ಯಾಕ್‌ಬೆತ್‌ನ ಮಡದಿ ಗ್ರೂಖ್ ಕೂಡ ರಾಜವಂಶದವಳೇ. ಅವನು 17 ವರ್ಷ ರಾಜ್ಯವಾಳಿದನು. 1050ರಲ್ಲಿ ರೋಮ್ ಯಾತ್ರೆ ಕೈಗೊಂಡು ಅಲ್ಲಿ ಬಡವರಿಗೆ ಧಾರಾಳವಾಗಿ ಹಣ ಹಂಚಿದನೆಂದು ಅದೇ ಕಾಲದ ದಾಖಲೆಯೊಂದು ಹೇಳುತ್ತದೆ. ತಿಂಗಳುಗಟ್ಟಲೆ ರಾಜ್ಯವನ್ನು ಬಿಟ್ಟು ಹೋಗಲು ಸಾಧ್ಯವಾಗಿದ್ದರೆ ಅವನ ಸಿಂಹಾಸನ ಎಷ್ಟು ಭದ್ರವಾಗಿತ್ತೆಂದು ಊಹಿಸಬಹುದು. 1057ರಲ್ಲಿ ಲಂಫಾನನ್ ಎಂಬಲ್ಲಿ ಡಂಕನ್‌ನ ಮಗ ಮಾಲ್ಕಮ್‌ನ ಪಡೆಯಿಂದ ಹತನಾದನು. ಅವನ ನಂತರ ಪಟ್ಟಕ್ಕೆ ಬಂದವನು ಅವನ ಮಲಮಗ ಲೂಲಾಕ್.

ಷೇಕ್ಸ್‌ಪಿಯರನಿಗೆ ಈ ಕಥೆ ದೊರೆತದ್ದು ರಫೇಲ್ ಹಾಲಿನ್‌ಶೆಡ್‌ನ ಹೆಸರಿನಲ್ಲಿ 1577ರಲ್ಲಿ ಮೊದಲು ಪ್ರಕಟವಾದ ಬೃಹತ್ ಇತಿಹಾಸ ಗ್ರಂಥದಲ್ಲಿ. ಆ ಹೊತ್ತಿಗೆ ದಂತಕಥೆಗಳು ಬಹಳಷ್ಟು ಸೇರಿಕೊಂಡಿದ್ದವು. ಬ್ಯಾಂಕೋ ಎಂಬವನು ಇತಿಹಾಸದಲ್ಲಿ ಇದ್ದವನೇ ಅಲ್ಲವೆಂಬುದು ಇಂದಿನ ವಿದ್ವಾಂಸರ ಮತ. ಹೆಕ್ಟರ್ ಬೋಯೀಸ್ ಎಂಬ ಪಂಡಿತನ 1527ರ ಇತಿಹಾಸದಲ್ಲಿ ಅವನು ಮೊದಲು ಕಾಣಿಸಿಕೊಳ್ಳುತ್ತಾನೆ. ಹೀಗಿದ್ದರೂ ಹಾಲಿನ್‌ಶೆಡ್‌ನ ಗ್ರಂಥ ಮ್ಯಾಕ್‌ಬೆತ್‌ನಿಗೆ ಅನ್ಯಾಯ ಮಾಡಿಲ್ಲ. ಅಲ್ಲಿನ ಡಂಕನ್ ಮೆದು ಸ್ವಭಾವದ, ಆಳಲು ಬಾರದ ದೊರೆ. ಅವನು ಚಿಕ್ಕವನಾದ ತನ್ನ ಮಗನನ್ನು ಯುವರಾಜನನ್ನಾಗಿ ಘೋಷಿಸಿದ್ದರಿಂದ ಮ್ಯಾಕ್‌ಬೆತ್‌ನ ನ್ಯಾಯವಾದ ಹಕ್ಕಿಗೆ ಧಕ್ಕೆಯಾಯಿತು. ಅವನು ಬ್ಯಾಂಕೋ ಮೊದಲಾದ ಮಿತ್ರರನ್ನು ಕೂಡಿಕೊಂಡು ದಂಗೆಯೆದ್ದನು. ಅರಸನಾದ ಮೇಲೆ ಹತ್ತು ವರ್ಷ ಕಳ್ಳಕಾಕರನ್ನು ಅಡಗಿಸಿ, ಒಳ್ಳೆಯ ಕಾನೂನುಗಳನ್ನು ಮಾಡಿ ಚೆನ್ನಾಗಿ ಆಳಿದನು. ದುಷ್ಟನಾದದ್ದು ಆ ಬಳಿಕ.

ಈಗ ಕವಿಯ ಕೈಚಳಕವನ್ನು ನೋಡೋಣ. ಆಳಲು ಬಾರದ ದೊರೆಯನ್ನು ಅವನು ಎಲ್ಲರೂ ಗೌರವಿಸುವ ವೃದ್ಧನನ್ನಾಗಿ ಮಾಡಿದನು. ಹಕ್ಕಿನ ಪ್ರಶ್ನೆಯನ್ನು ಕೈಬಿಟ್ಟನು: ಯುವರಾಜನ ಘೋಷಣೆ ನಾಟಕದಲ್ಲಿದೆ, ಆದರೆ ‘ನನಗೆ ಅನ್ಯಾಯವಾಯಿತು’ ಎಂದು ಮ್ಯಾಕ್‌ಬೆತ್ ಎಲ್ಲಿಯೂ ಹೇಳುವುದಿಲ್ಲ. ಜೊತೆಗಾರರ ದಂಗೆಯನ್ನು ತೆಗೆದು, ಅದೇ ಗ್ರಂಥದ ಮತ್ತೊಂದು ಕಡೆಯಿಂದ ಬೇರೊಂದು ಕೊಲೆಯನ್ನು ತಂದು ಕೂಡಿಸಿದನು. ಅದು ಡೋನ್‌ವಾಲ್ಡ್ ಎಂಬವನು ಮಡದಿಯ ಮಾತು ಕೇಳಿ, ತನ್ನ ಕೋಟೆಯಲ್ಲಿ ಮಲಗಿದ್ದ ದೊರೆ ಡಫ್‌ನನ್ನು ಕೊಲ್ಲಿಸಿದ ಪ್ರಸಂಗ. ಹತ್ತು ವರ್ಷಗಳ ಸುರಾಜ್ಯವನ್ನು ಪೂರ್ತಿಯಾಗಿ ಅಳಿಸಿದನು. ಮಲಮಗ ಲೂಲಾಕ್‌ನನ್ನೂ ಬಿಟ್ಟನು. ಲೇಡಿ ಮ್ಯಾಕ್‌ಬೆತ್ ತಾನು ಮಗುವಿಗೆ ಹಾಲೂಡಿಸಿದ್ದನ್ನು ಒಮ್ಮೆ ನೆನೆಯುತ್ತಾಳೆ. ಆದರೆ ಆ ಮಗು ನಾಟಕದಲ್ಲಿಲ್ಲ. ತನ್ನ ತಲೆಯ ಮೇಲಿರುವುದು ಫಲವಿಲ್ಲದ ಕಿರೀಟವೆಂದು ಮ್ಯಾಕ್‌ಬೆತ್ ಹಲುಬುತ್ತಾನೆ.

ಹೀಗೆ ದೇಶಹಿತದ ನೆಪ ಹೋಯಿತು, ಹಕ್ಕಿನ ನೆಪ ಹೋಯಿತು, ‘ಎಲ್ಲರೂ ಸೇರಿ ಮಾಡಿದೆವು’ ಎಂಬ ನೆಪ ಹೋಯಿತು, ‘ಮುಂದೆ ಒಳ್ಳೆಯದನ್ನು ಮಾಡಿದೆನಲ್ಲ’ ಎಂಬ ಸಮಾಧಾನ ಹೋಯಿತು, ಕೊನೆಗೆ ‘ಮಕ್ಕಳಿಗಾಗಿ ಮಾಡಿದೆ’ ಎಂಬ ಮಾತಿಗೂ ಎಡೆಯಿಲ್ಲದಂತಾಯಿತು. ಮಹತ್ವಾಕಾಂಕ್ಷೆಯೊಂದೇ ಬೆತ್ತಲೆಯಾಗಿ ನಿಂತಿತು. ಕೊಲೆಗೆ ಮುನ್ನ ಮ್ಯಾಕ್‌ಬೆತ್ ತಾನೇ ಲೆಕ್ಕ ಹಾಕುತ್ತಾನೆ: ಡಂಕನ್ ತನ್ನ ಬಂಧು, ತನ್ನ ಒಡೆಯ, ತನ್ನ ಅತಿಥಿ, ಬಾಗಿಲು ಕಾಯಬೇಕಾದ ತಾನೇ ಕತ್ತಿ ಹಿಡಿಯುವುದು ಸಲ್ಲದು. ನಮ್ಮವರು ಬೇಲಿಯೇ ಎದ್ದು ಹೊಲ ಮೇಯುವುದು ಎನ್ನುವುದನ್ನು ಅವನು ಬಲ್ಲನು. ಅರಿಯದೆ ಮಾಡಿದ ಪಾಪವಲ್ಲ ಅದು. ಅರಿತೂ ಅರಿತೂ ಮಾಡಿದ್ದು.

ಕವಿ ಇದನ್ನೆಲ್ಲ ದೊರೆಯನ್ನು ಮೆಚ್ಚಿಸಲು ಮಾಡಿದನೆಂದು ವಾದಿಸುವವರಿದ್ದಾರೆ. ಆ ವಾದವನ್ನು ತಳ್ಳಿಹಾಕುವಂತಿಲ್ಲ. 1603ರಲ್ಲಿ ಇಂಗ್ಲೆಂಡಿನ ಪಟ್ಟಕ್ಕೂ ಬಂದ ಸ್ಕಾಟ್ಲೆಂಡಿನ ದೊರೆ ಜೇಮ್ಸ್, ಷೇಕ್ಸ್‌ಪಿಯರನ ಮಂಡಲಿಗೆ ಆಶ್ರಯದಾತ. ಅವನ ವಂಶ ಬ್ಯಾಂಕೋನಿಂದ ಬಂದುದೆಂಬ ನಂಬಿಕೆಯಿತ್ತು. ದಂಗೆಯಲ್ಲಿ ಪಾಲುಗಾರನಾಗಿದ್ದ ಬ್ಯಾಂಕೋ ನಾಟಕದಲ್ಲಿ ಶುದ್ಧಹಸ್ತನಾದದ್ದು ಆಕಸ್ಮಿಕವಲ್ಲ. ಮಾಟಗಾತಿಯರ ವಿಷಯವಾಗಿ ಜೇಮ್ಸ್ ತಾನೇ 1597ರಲ್ಲಿ ಗ್ರಂಥ ಬರೆದಿದ್ದನು. 1605ರ ನವೆಂಬರ್ 5ರಂದು ಪಾರ್ಲಿಮೆಂಟ್ ಭವನದ ಕೆಳಗೆ 36 ಪೀಪಾಯಿ ಸಿಡಿಮದ್ದು ಪತ್ತೆಯಾಗಿ, ಅರಸನ ಪ್ರಾಣ ಕೂದಲೆಳೆಯಲ್ಲಿ ಉಳಿದಿತ್ತು. ಆ ಪಿತೂರಿಯ ವಿಚಾರಣೆಯಲ್ಲಿ ಹೆನ್ರಿ ಗಾರ್ನೆಟ್ ಎಂಬ ಪಾದ್ರಿ, ಸುಳ್ಳೂ ಅಲ್ಲದ ನಿಜವೂ ಅಲ್ಲದ ದ್ವಂದ್ವಾರ್ಥದ ಮಾತನ್ನಾಡುವುದು ಧರ್ಮಕ್ಕೆ ಸಮ್ಮತವೆಂದು ವಾದಿಸಿದನೆಂಬುದು ಊರೆಲ್ಲ ಚರ್ಚೆಯಾಯಿತು. 1606ರ ಮೇ 3ರಂದು ಅವನನ್ನು ಗಲ್ಲಿಗೇರಿಸಿದರು. ನಾಟಕದ ಕುಡುಕ ದ್ವಾರಪಾಲಕ ತಾನು ನರಕದ ಬಾಗಿಲು ಕಾಯುವವನೆಂದು ಕಲ್ಪಿಸಿಕೊಂಡು, ದ್ವಂದ್ವಾರ್ಥದ ಮಾತುಗಾರನೊಬ್ಬನನ್ನು ಒಳಗೆ ಬಿಟ್ಟುಕೊಳ್ಳುವುದು ಇದೇ ಪ್ರಕರಣದ ನೆರಳೆಂದು ವಿದ್ವಾಂಸರು ಹೇಳುತ್ತಾರೆ.

ಆದರೆ ಕವಿ ಈ ಸುದ್ದಿಯನ್ನು ಸುದ್ದಿಯಾಗಿಯೇ ಬಿಡಲಿಲ್ಲ. ಮಾಟಗಾತಿಯರು ಅರ್ಧಸತ್ಯ ನುಡಿದು ಮ್ಯಾಕ್‌ಬೆತ್‌ನನ್ನು ವಂಚಿಸುತ್ತಾರೆ, ನಿಜ. ಅದಕ್ಕಿಂತ ಮಿಗಿಲಾಗಿ ಆ ದಂಪತಿಗಳು ಅರ್ಧಸತ್ಯದಿಂದ ತಮ್ಮನ್ನು ತಾವೇ ವಂಚಿಸಿಕೊಳ್ಳುತ್ತಾರೆ. ತಮ್ಮೊಳಗೆ ಮಾತನಾಡುವಾಗ ಕೊಲೆಯನ್ನು ಅವರು ಹೆಚ್ಚಾಗಿ ‘ಕಾರ್ಯ’, ‘ಕೆಲಸ’ ಎಂದೇ ಕರೆಯುತ್ತಾರೆ. ಅಧಃಪತನ ಮೊದಲು ತಟ್ಟುವುದು ಭಾಷೆಗೆ, ಕೈಗೆ ಆಮೇಲೆ.

ಮುಂದಿನ ಮೂರು ಕೊಲೆಗಳನ್ನು ರೋಗವೊಂದರ ಮೂರು ಹಂತಗಳಂತೆ ಓದಬಹುದು. ಡಂಕನ್‌ನ ಕೊಲೆಗೆ ಮುನ್ನ ಮ್ಯಾಕ್‌ಬೆತ್ ತತ್ತರಿಸುತ್ತಾನೆ, ಬೇಡವೆನ್ನುತ್ತಾನೆ, ಗಾಳಿಯಲ್ಲಿ ಕಠಾರಿಯನ್ನು ಕಾಣುತ್ತಾನೆ, ಕೊನೆಗೆ ತನ್ನ ಕೈಯಿಂದಲೇ ಕೊಲ್ಲುತ್ತಾನೆ. ಬ್ಯಾಂಕೋನ ಕೊಲೆಗೆ ಬಾಡಿಗೆಯ ಕೊಲೆಗಾರರು ಬರುತ್ತಾರೆ. ಮಡದಿಗೂ ವಿಷಯ ತಿಳಿಸುವುದಿಲ್ಲ. ಮೂರನೆಯದು ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳ ಕೊಲೆ. ಮ್ಯಾಕ್‌ಡಫ್ ಆಗಲೇ ಇಂಗ್ಲೆಂಡಿಗೆ ತಪ್ಪಿಸಿಕೊಂಡು ಹೋಗಿದ್ದಾನೆ. ಆ ಮಕ್ಕಳನ್ನು ಕೊಂದು ಆಗಬೇಕಾದ ಲಾಭ ಎಳ್ಳಷ್ಟೂ ಇಲ್ಲ. ಆದರೂ ಯೋಚನೆಗೆ ಒಂದು ಗಳಿಗೆಯನ್ನೂ ಅವನು ಕೊಡುವುದಿಲ್ಲ. ಕೊಲೆಯಿಂದ ಕೊಲೆಗೆ ಹಿಂಜರಿಕೆ ಕಡಿಮೆಯಾಗುತ್ತದೆ, ಕಾರಣ ಕಡಿಮೆಯಾಗುತ್ತದೆ, ಕತ್ತಿಗೂ ತನಗೂ ನಡುವಿನ ದೂರ ಹೆಚ್ಚುತ್ತದೆ. ನೋವು ತಿಳಿಯದ ಅಂಗ ಗುಣವಾಗಿಲ್ಲ, ಸತ್ತಿದೆ ಎಂಬುದನ್ನು ವೈದ್ಯರಾದ ನಾವು ಕಂಡಿದ್ದೇವೆ. ಮನಸ್ಸಿಗೂ ಈ ಮಾತು ಸಲ್ಲುತ್ತದೆ.

ಲೇಡಿ ಮ್ಯಾಕ್‌ಬೆತ್‌ಳ ದಾರಿ ಇದಕ್ಕೆ ವಿರುದ್ಧ. ಮೊದಲು ಗಟ್ಟಿಗಿತ್ತಿ ಅವಳೇ. ಕೈಗಂಟಿದ ನೆತ್ತರಿಗೆ ಒಂದಿಷ್ಟು ನೀರು ಸಾಕೆಂದು ಗಂಡನಿಗೆ ಧೈರ್ಯ ಹೇಳಿದವಳು. ಐದನೆಯ ಅಂಕದಲ್ಲಿ ಅವಳೇ ನಿದ್ದೆಯಲ್ಲಿ ಎದ್ದು ನಡೆಯುತ್ತ, ಇಲ್ಲದ ಕಲೆಯನ್ನು ತೊಳೆಯುತ್ತಾಳೆ. ಇಲ್ಲಿ ನಮ್ಮ ವೃತ್ತಿಬಂಧುವಿನ ಪ್ರವೇಶ. ಈ ವೈದ್ಯನ ನಡವಳಿಕೆಯನ್ನು ಇಂದಿನ ವೈದ್ಯ ವಿದ್ಯಾರ್ಥಿಗಳಿಗೆ ಪಾಠವಾಗಿ ಹೇಳಬಹುದು. ಎರಡು ರಾತ್ರಿ ಕಾದು ಕುಳಿತರೂ ಏನೂ ಕಾಣದೆ, ಮೂರನೆಯ ರಾತ್ರಿಯೂ ಕಾಯುತ್ತಾನೆ. ದಾದಿಯನ್ನು ವಿವರವಾಗಿ ವಿಚಾರಿಸುತ್ತಾನೆ. ರೋಗಿಯ ಕಣ್ಣು ತೆರೆದಿದ್ದರೂ ದೃಷ್ಟಿಯಿಲ್ಲವೆಂಬುದನ್ನು ಇಬ್ಬರೂ ಗುರುತಿಸುತ್ತಾರೆ. ನಿದ್ರಾಸಂಚಾರದ ಲಕ್ಷಣವಾಗಿ ನಾವು ಇಂದಿಗೂ ಓದುವುದು ಅದನ್ನೇ. ಅವಳ ಮಾತುಗಳನ್ನು ಬರೆದಿಟ್ಟುಕೊಳ್ಳುತ್ತಾನೆ. ಈ ರೋಗ ತನ್ನ ವಿದ್ಯೆಗೆ ಮೀರಿದ್ದು, ಇವಳಿಗೆ ಬೇಕಾದವನು ವೈದ್ಯನಲ್ಲ, ಧರ್ಮಗುರು ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಾನೆ. ಹೊರಡುವ ಮುನ್ನ, ತನಗೆ ತಾನೇ ಹಾನಿಮಾಡಿಕೊಳ್ಳಬಹುದಾದ ವಸ್ತುಗಳನ್ನು ಅವಳಿಂದ ದೂರವಿಟ್ಟು, ಅವಳ ಮೇಲೆ ಸದಾ ಕಣ್ಣಿಡಬೇಕೆಂದು ದಾದಿಗೆ ತಿಳಿಸುತ್ತಾನೆ. ನಾಲ್ಕು ನೂರು ವರ್ಷಗಳ ಹಿಂದಿನ ಈ ಸಲಹೆ ಇಂದಿನ ಯಾವ ಆಸ್ಪತ್ರೆಯಲ್ಲೂ ಒಪ್ಪತಕ್ಕದ್ದು.

ಆದರೆ ಈ ಒಳ್ಳೆಯ ವೈದ್ಯನೂ ಒಂದು ವಿಷಯದಲ್ಲಿ ಬಾಯಿ ಕಟ್ಟಿಕೊಳ್ಳುತ್ತಾನೆ. ಕೇಳಿದ್ದರ ಅರ್ಥ ಅವನಿಗೆ ಹೊಳೆದಿದೆ; ಹೇಳುವ ಧೈರ್ಯವಿಲ್ಲ. ಈ ಕೋಟೆಯಿಂದ ಒಮ್ಮೆ ಪಾರಾದರೆ ಎಷ್ಟು ಹಣ ಕೊಟ್ಟರೂ ಇತ್ತ ಸುಳಿಯೆನೆಂದು ತನ್ನಷ್ಟಕ್ಕೆ ಅಂದುಕೊಳ್ಳುತ್ತಾನೆ. ಒಬ್ಬನ ದುರಾಸೆ ಒಬ್ಬನಲ್ಲಿಯೇ ನಿಲ್ಲುವುದಿಲ್ಲ. ಸುತ್ತಲಿನ ಸಜ್ಜನರನ್ನು ಮೂಕರನ್ನಾಗಿಸುತ್ತದೆ. ಇದಕ್ಕೆ ಎದುರಾಗಿ ಕವಿ ಇಂಗ್ಲೆಂಡಿನ ಆಸ್ಥಾನದಲ್ಲಿ ಇನ್ನೊಬ್ಬ ವೈದ್ಯನನ್ನು ನಿಲ್ಲಿಸಿದ್ದಾನೆ. ಅಲ್ಲಿ ಸಂತನೆನಿಸಿದ ದೊರೆ ಎಡ್ವರ್ಡ್ ಗಂಡಮಾಲೆಯ ರೋಗಿಗಳನ್ನು ಮುಟ್ಟಿ ಗುಣಪಡಿಸುತ್ತಾನೆಂದು ಅವನು ವರದಿ ಮಾಡುತ್ತಾನೆ. ಇದು ಕತ್ತಿನ ಗ್ರಂಥಿಗಳಿಗೆ ತಗಲುವ ಕ್ಷಯರೋಗ. ಮುಟ್ಟಿದರೆ ವಾಸಿಯಾಗುವಂಥದ್ದಲ್ಲವೆಂದು ನಾವು ಬಲ್ಲೆವು. ಆದರೆ ರೂಪಕ ಸತ್ಯವಾಗಿದೆ: ಒಬ್ಬ ಅರಸ ನಾಡಿಗೆ ಮದ್ದು, ಮತ್ತೊಬ್ಬ ನಾಡಿಗೇ ರೋಗ.

ನಾಟಕದುದ್ದಕ್ಕೂ ಕಾಡುವುದು ನಿದ್ದೆ. ಕೊಲೆಯಾದ ಕ್ಷಣದಲ್ಲೇ, ತಾನು ನಿದ್ದೆಯನ್ನೇ ಕೊಂದೆನೆಂಬ ದನಿ ಮ್ಯಾಕ್‌ಬೆತ್‌ನಿಗೆ ಕೇಳಿಸುತ್ತದೆ. ಮುಂದೊಮ್ಮೆ, ಸತ್ತ ಡಂಕನ್‌ನೇ ತನಗಿಂತ ಸುಖಿ ಎಂದು ಅಸೂಯೆಪಡುತ್ತಾನೆ. ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ನನಿಗೆ ಬಹು ಪ್ರಿಯವಾದ ನಾಟಕವಿದು. ಅಂತರ್ಯುದ್ಧದ ಕೊನೆಯಲ್ಲಿ, 1865ರ ಏಪ್ರಿಲ್ 9ರಂದು, ಹಡಗಿನಲ್ಲಿ ರಾಜಧಾನಿಗೆ ಮರಳುವಾಗ ಅವನು ಸಂಗಡಿಗರಿಗೆ ಈ ಭಾಗವನ್ನೇ ಓದಿ ಹೇಳಿದನು. ಐದು ದಿನಗಳ ನಂತರ ನಟನೊಬ್ಬನ ಗುಂಡಿಗೆ ಗುರಿಯಾದನು.

ಕನ್ನಡಿಗರಿಗೆ ಈ ನಾಟಕ ಹೊಸದಲ್ಲ. 1895ರಷ್ಟು ಹಿಂದೆಯೇ ಎಂ. ಎಲ್. ಶ್ರೀಕಂಠೇಶಗೌಡರು ಇದನ್ನು ‘ಪ್ರತಾಪರುದ್ರದೇವ’ ಎಂದು ರೂಪಾಂತರಿಸಿದರು. ಡಿ.ವಿ.ಜಿ. ಅವರ ಅನುವಾದ 1936ರಲ್ಲಿ ಬಂದಿತು. ಮುಂದೆ ರಾಮಚಂದ್ರ ದೇವ ಅವರೂ ಅನುವಾದಿಸಿದರು. ನಮ್ಮ ಬಿ.ವಿ. ಕಾರಂತರು 1979ರಲ್ಲಿ ದೆಹಲಿಯಲ್ಲಿ ಯಕ್ಷಗಾನದ ಹೆಜ್ಜೆಗಳನ್ನು ಬಳಸಿ ಇದನ್ನು ಹಿಂದಿಯಲ್ಲಿ ‘ಬರ್ನಮ್ ವನ’ವಾಗಿ ಆಡಿಸಿದರು. ಎಚ್.ಎಸ್. ಶಿವಪ್ರಕಾಶರು ಇದೇ ಕಥೆಯನ್ನು ‘ಮಾರನಾಯಕನ ದೃಷ್ಟಾಂತ’ವಾಗಿ ಬರೆದರು, ಅದನ್ನು ಹುಲುಗಪ್ಪ ಕಟ್ಟೀಮನಿಯವರು ಕಾರಾಗೃಹದ ಕೈದಿಗಳಿಂದಲೇ ಆಡಿಸಿದರು. ರಕ್ತದ ಕಲೆಯ ಕಥೆಯನ್ನು ಶಿಕ್ಷೆ ಅನುಭವಿಸುತ್ತಿರುವವರೇ ರಂಗದ ಮೇಲೆ ಆಡಿದರು ಎಂಬುದಕ್ಕಿಂತ ದೊಡ್ಡ ವ್ಯಾಖ್ಯಾನ ಈ ನಾಟಕಕ್ಕೆ ಬೇಕಿಲ್ಲ.

ಕೊನೆಯದಾಗಿ ಒಂದು ಮಾತು. ನಾವೆಲ್ಲರೂ ಮಹತ್ವಾಕಾಂಕ್ಷೆಯಿಂದಲೇ ಕಡಲು ದಾಟಿ ಬಂದವರು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಷೇಕ್ಸ್‌ಪಿಯರನೂ ಹಳ್ಳಿಗಾಡಿನ ಪಟ್ಟಣದಿಂದ ಲಂಡನ್ನಿಗೆ ಬಂದವನೇ. ಅವನ ನಾಟಕ ನಮ್ಮ ಆಸೆಯನ್ನು ಪ್ರಶ್ನಿಸುವುದಿಲ್ಲ, ನಮ್ಮ ನೆಪಗಳನ್ನು ಪ್ರಶ್ನಿಸುತ್ತದೆ. ಮಾಡದ ಪರೀಕ್ಷೆಗೆ ಬಿಲ್ ಬರೆಯುವ ವೈದ್ಯ, ಜೊತೆಯವನ ಕೆಲಸಕ್ಕೆ ತನ್ನ ಹೆಸರು ಹಾಕಿಕೊಳ್ಳುವ ಎಂಜಿನಿಯರ್, ಲೆಕ್ಕ ತಿದ್ದುವ ವ್ಯಾಪಾರಿ, ಇವರಾರೂ ಕೊಲೆಗಾರರಲ್ಲ. ಆದರೆ ‘ಇದೊಂದೇ ಸಲ’, ‘ಎಲ್ಲರೂ ಮಾಡುವುದೇ’, ‘ಮಕ್ಕಳಿಗಾಗಿ ತಾನೆ’ ಎಂಬ ಮಾತುಗಳು ಅವರ ನಾಲಿಗೆಯ ತುದಿಯಲ್ಲಿಯೇ ಇರುತ್ತವೆ. ನಮ್ಮ ಮಕ್ಕಳು ಇಲ್ಲಿನ ಶಾಲೆಗಳಲ್ಲಿ ಈ ನಾಟಕವನ್ನು ಪಠ್ಯವಾಗಿ ಓದುತ್ತಾರೆ. ಪರೀಕ್ಷೆ ಮುಗಿದ ಮೇಲೆ ಮನೆಯಲ್ಲಿ ಒಮ್ಮೆ ಅವರೊಡನೆ ಕುಳಿತು ಇದನ್ನು ಓದಿರಿ. ‘ನಮಗಾಗಿ ಎಂದು ನೀವು ಮಾಡಿದ್ದರಲ್ಲಿ ಮಾಡಬಾರದ್ದು ಏನಾದರೂ ಇದೆಯೇ ಅಪ್ಪ?’ ಎಂದು ಅವರು ಕೇಳಿದರೆ, ಕಣ್ಣು ತಪ್ಪಿಸದೆ ಉತ್ತರ ಹೇಳಿ, ಆ ರಾತ್ರಿ ನಿಶ್ಚಿಂತೆಯಿಂದ ನಿದ್ದೆ ಮಾಡುವ ಭಾಗ್ಯ ನಮ್ಮೆಲ್ಲರದಾಗಲಿ.